ಗಾತ್ರದಲ್ಲಿ ಶನಿ, ತೂಕದಲ್ಲಿ ನಕ್ಷತ್ರ: ಇಬಿಎಲ್‌ಎಂ ಜೆ0555-57 ಜೋಡಿಯ ಪ್ರಕರಣ

2017ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಫಾನ್ ಬೊಟಿಷರ್ ಮತ್ತು ಸಂಗಡಿಗರು ಇಬಿಎಲ್‌ಎಂ ಜೆ0555-57 ಎಂಬ ಜೋಡಿ ನಕ್ಷತ್ರದ ಅಳತೆಗಳನ್ನು ಪ್ರಕಟಿಸಿದರು. ಜೋಡಿಯ ದೊಡ್ಡ ನಕ್ಷತ್ರದಲ್ಲಿ ವಿಶೇಷವೇನೂ ಇರಲಿಲ್ಲ. ಅದು ಹೆಚ್ಚುಕಡಿಮೆ ನಮ್ಮ ಸೂರ್ಯನಂಥದ್ದೇ. ಅದರ ಸಂಗಾತಿಯ ತ್ರಿಜ್ಯ ಮಾತ್ರ ಗುರುಗ್ರಹದ ತ್ರಿಜ್ಯದ 0.84ರಷ್ಟಿತ್ತು, ಅಂದರೆ ಸರಿಸುಮಾರು ಶನಿಗ್ರಹದಷ್ಟು. ದ್ರವ್ಯರಾಶಿಯಾದರೋ ಗುರುವಿನ 85 ಪಟ್ಟು. ಜಲಜನಕವನ್ನು ಉರಿಸಿ ಬದುಕುವ ನಕ್ಷತ್ರಗಳ ಪೈಕಿ, ತ್ರಿಜ್ಯವನ್ನು ಅಳೆದು ತಿಳಿದವುಗಳಲ್ಲಿ, ಅಂದಿಗೆ ಅದೇ ಅತಿ ಚಿಕ್ಕದು.

ಅನಿಲ ದೈತ್ಯ ಗ್ರಹಕ್ಕೂ ನಕ್ಷತ್ರಕ್ಕೂ ಇರುವ ವ್ಯತ್ಯಾಸವನ್ನು ಹೇಳುವಾಗ ನಕ್ಷತ್ರ ದೊಡ್ಡದು, ಗ್ರಹ ಚಿಕ್ಕದು ಎನ್ನುವುದು ವಾಡಿಕೆ. ನಕ್ಷತ್ರ ಸ್ವಂತ ಬೆಳಕಿನದು, ಗ್ರಹ ಎರವಲು ಬೆಳಕಿನದು ಎಂಬುದು ಅದರ ಜೊತೆಗೆ ಬರುವ ಇನ್ನೊಂದು ಮಾತು. ಈ ಪ್ರಕರಣದಲ್ಲಿ ಮೊದಲನೆಯ ಮಾತು ನಿಲ್ಲುವುದಿಲ್ಲ. ಎರಡನೆಯದು ನಿಜವೇ ಆದರೂ, ಪ್ರಖರ ನಕ್ಷತ್ರವೊಂದರ ಮಗ್ಗುಲಲ್ಲಿರುವ ಸಾವಿರಾರು ಪಟ್ಟು ಮಂದವಾದ ಕಾಯವನ್ನು ದೂರದಿಂದ ಗುರುತಿಸಬೇಕಾದವರಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಹಾಗಾದರೆ ಒಂದು ಕಾಯವನ್ನು ಗ್ರಹವೆನ್ನಲು ಅಥವಾ ನಕ್ಷತ್ರವೆನ್ನಲು ನಮ್ಮ ಕೈಯಲ್ಲಿರುವ ಸಾಕ್ಷ್ಯ ಯಾವುದು, ಆ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಈ ಒಂದೇ ಜೋಡಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಜೋಡಿಯ ಪರಿಚಯ

ಈ ವ್ಯವಸ್ಥೆ ದಕ್ಷಿಣಾಕಾಶದ ಪಿಕ್ಟರ್ ನಕ್ಷತ್ರಪುಂಜದಲ್ಲಿ, ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ಅಗಸ್ತ್ಯ ನಕ್ಷತ್ರದಿಂದ ಅದು ಆರು ಡಿಗ್ರಿಗಳಷ್ಟು ಮಾತ್ರ ಆಚೆಗಿದೆ. ಫೆಬ್ರುವರಿ ತಿಂಗಳ ಮೊದಲ ವಾರ ರಾತ್ರಿ ಒಂಬತ್ತರ ಹೊತ್ತಿಗೆ ಬೆಂಗಳೂರಿನಿಂದ ತೆಂಕಣಕ್ಕೆ ಮುಖ ಮಾಡಿದರೆ ಆ ದಿಕ್ಕು ದಿಗಂತದಿಂದ ಇಪ್ಪತ್ತು ಡಿಗ್ರಿ ಮೇಲಿರುತ್ತದೆ. ಬರಿಗಣ್ಣಿಗೆ ಮಾತ್ರ ಏನೂ ಕಾಣದು.

ಪ್ರಧಾನ ನಕ್ಷತ್ರದ ದ್ರವ್ಯರಾಶಿ ಸೂರ್ಯನ 1.13ರಷ್ಟು, ತ್ರಿಜ್ಯ ಸರಿಸುಮಾರು ಸೂರ್ಯನಷ್ಟೇ. ಸಂಗಾತಿಯು ಅದನ್ನು 7.76 ದಿನಗಳಿಗೊಮ್ಮೆ, ತುಸು ಉದ್ದುದ್ದವಾದ ಕಕ್ಷೆಯಲ್ಲಿ ಸುತ್ತುತ್ತದೆ. ಕೆಪ್ಲರನ ನಿಯಮವನ್ನು ಅನ್ವಯಿಸಿದರೆ ಇಬ್ಬರ ನಡುವಿನ ಸರಾಸರಿ ಅಂತರ ಸುಮಾರು 1 ಕೋಟಿ 22 ಲಕ್ಷ ಕಿಲೋಮೀಟರ್ ಆಗುತ್ತದೆ. ಬುಧಗ್ರಹ ಸೂರ್ಯನಿಂದ ಇರುವ ಸರಾಸರಿ ದೂರದ ಐದನೆಯ ಒಂದು ಭಾಗಕ್ಕಿಂತ ಇದು ಸ್ವಲ್ಪ ಹೆಚ್ಚು. ಇವೆರಡರ ಪಕ್ಕದಲ್ಲೇ, ಆಕಾಶದಲ್ಲಿ 2.5 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ) ಅಂತರದಲ್ಲಿ, ಮೂರನೆಯ ನಕ್ಷತ್ರವೂ ಇದೆ. ಆ ಕೋನವನ್ನು ದೂರದೊಂದಿಗೆ ಗುಣಿಸಿದರೆ ಭೂಮಿ–ಸೂರ್ಯರ ಅಂತರದ ಸುಮಾರು 500 ಪಟ್ಟು ಬರುತ್ತದೆ. ಆದ್ದರಿಂದ ಜೋಡಿಯ ಚಲನೆಯಲ್ಲಿ ಮೂರನೆಯದರ ಕೈವಾಡವನ್ನು ಸದ್ಯಕ್ಕೆ ಬದಿಗಿಡಬಹುದು. ಅಳತೆಯಲ್ಲಿ ಮಾತ್ರ ಅದನ್ನು ಬದಿಗಿಡಲಾಗದು. ಆ ತೊಡಕು ಮುಂದೆ ಬರುತ್ತದೆ.

ಜೋಡಿಯ ಹೆಸರಿನ ಮೊದಲ ಭಾಗವಾದ ಇಬಿಎಲ್‌ಎಂಗೆ ಒಂದು ಹಿನ್ನೆಲೆಯಿದೆ. ದಕ್ಷಿಣ ಆಫ್ರಿಕದ ಸದರ್‌ಲೆಂಡ್‌ನಲ್ಲಿರುವ ವಾಸ್ಪ್ ಕ್ಯಾಮೆರಾಗಳು ನಕ್ಷತ್ರಗಳ ಬೆಳಕು ನಿಯತವಾಗಿ ಕುಗ್ಗುವುದನ್ನು ಗುರುತಿಸಿ ಗ್ರಹಗಳನ್ನು ಹುಡುಕುತ್ತಿದ್ದವು. ಗ್ರಹಗಳೆಂದು ಶಂಕಿಸಿದ ಎಷ್ಟೋ ಉಮೇದುವಾರರು ಪರೀಕ್ಷೆಯಲ್ಲಿ ಕಿರು ನಕ್ಷತ್ರಗಳಾಗಿ ಹೊರಬಿದ್ದವು. ಗ್ರಹ ಹುಡುಕುವವರು ಸಾಮಾನ್ಯವಾಗಿ ಇವನ್ನು ಕಸವೆಂದು ಪಕ್ಕಕ್ಕೆ ಹಾಕುತ್ತಾರೆ. ಆಮೋರಿ ಟ್ರಿಯೊ ಮತ್ತು ಜೊತೆಗಾರರು ಆ ಪಕ್ಕಕ್ಕೆ ಹಾಕಿದ್ದನ್ನೇ ಎತ್ತಿಕೊಂಡು, ಪರಸ್ಪರ ಗ್ರಹಣ ಉಂಟುಮಾಡುವ ಕಡಿಮೆ ದ್ರವ್ಯರಾಶಿಯ ಜೋಡಿಗಳ ಅಧ್ಯಯನವೆಂದು ಇಬಿಎಲ್‌ಎಂ ಯೋಜನೆಯನ್ನು ಕಟ್ಟಿದರು. ಇಂಥ ನೂರಕ್ಕೂ ಹೆಚ್ಚು ಜೋಡಿಗಳ ಕಕ್ಷೆಗಳನ್ನು ಅಳೆದರು. ಈ ಬುದ್ಧಿವಂತಿಕೆಗೆ ನಾನು ದೊಡ್ಡ ಅಂಕ ಕೊಡುತ್ತೇನೆ, ಏಕೆಂದರೆ ಕಿರು ನಕ್ಷತ್ರಗಳ ತ್ರಿಜ್ಯವನ್ನು ನೇರವಾಗಿ ಅಳೆಯಲು ಗ್ರಹಣಕ್ಕಿಂತ ಒಳ್ಳೆಯ ದಾರಿ ಹೆಚ್ಚಿಲ್ಲ. ನಮ್ಮ ದೇಶದಲ್ಲೂ ಇದೇ ಬಗೆಯ ಕೆಲಸ ನಡೆದಿದೆ: ಮೌಂಟ್ ಅಬುವಿನ ಗುರುಶಿಖರದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ನಡೆಸುವ ಪಾರಸ್ ರೋಹಿತಮಾಪಕವು (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ) ಸೂರ್ಯನಂಥ ನಕ್ಷತ್ರಗಳನ್ನು ಸುತ್ತುವ ಕೆಂಪು ಕುಬ್ಜಗಳೆಂಬ ಚಿಕ್ಕ, ಮಂದ ನಕ್ಷತ್ರಗಳ ದ್ರವ್ಯರಾಶಿಯನ್ನು ಅಳೆದಿದೆ.

ಬೆಳಕು ಹೇಳಿದ್ದು, ರೋಹಿತ ಹೇಳಿದ್ದು

ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದಲ್ಲಿ ಎರಡು ಉಪಕರಣಗಳು ಈ ಜೋಡಿಯ ಮೇಲೆ ಕಣ್ಣಿಟ್ಟವು. ಟ್ರಾಪಿಸ್ಟ್ ದೂರದರ್ಶಕ ಬೆಳಕಿನ ಏರಿಳಿತವನ್ನು ಅಳೆಯಿತು. ಸ್ವಿಟ್ಜರ್‌ಲೆಂಡಿನವರ ಆಯ್ಲರ್ ದೂರದರ್ಶಕಕ್ಕೆ ಜೋಡಿಸಿದ ಕೊರಾಲಿ ರೋಹಿತಮಾಪಕ ಪ್ರಧಾನ ನಕ್ಷತ್ರದ ಓಲಾಟವನ್ನು ಅಳೆಯಿತು.

ಮೊದಲು ಬೆಳಕಿನ ವಿಷಯ. ಮುಂದೆ ಹಾದುಹೋಗುವ ಕಾಯ ಮರೆಮಾಡುವ ಬೆಳಕಿನ ಪಾಲು ಎರಡು ತ್ರಿಜ್ಯಗಳ ಅನುಪಾತದ ವರ್ಗಕ್ಕೆ ಹತ್ತಿರವಾಗಿರುತ್ತದೆ. ಸಂಗಾತಿಯ ತ್ರಿಜ್ಯ ಪ್ರಧಾನ ನಕ್ಷತ್ರದ ಹನ್ನೆರಡನೆಯ ಒಂದು ಭಾಗದಷ್ಟಿರುವುದರಿಂದ ಮರೆಯಾಗುವುದು ಸುಮಾರು ಶೇ. 0.7. ಬೇರೊಂದು ನಕ್ಷತ್ರಲೋಕದ ವೀಕ್ಷಕರು ನಮ್ಮ ಸೂರ್ಯನ ಮುಂದೆ ಶನಿಗ್ರಹ ಹಾದುಹೋಗುವುದನ್ನು ನೋಡಿದರೆ ಅವರಿಗೆ ಸಿಗುವ ಇಳಿತವೂ ಶೇ. 0.7. ಗುರು ಹಾದರೆ ಶೇ. 1. ಅಂದಮೇಲೆ ಬೆಳಕಿನ ನಕ್ಷೆಯೊಂದನ್ನೇ ಮುಂದಿಟ್ಟುಕೊಂಡು ತೀರ್ಪು ಕೊಡುವುದಾದರೆ, ಇಬಿಎಲ್‌ಎಂ ಜೆ0555-57ರ ಸಂಗಾತಿ ಅನಿಲ ದೈತ್ಯ ಗ್ರಹವೆಂದೇ ದಾಖಲಾಗಬೇಕು, ಅದೂ ಗುರುವಿಗಿಂತ ಚಿಕ್ಕ ಗ್ರಹವೆಂದು.

ಇನ್ನು ರೋಹಿತ. ಪ್ರಧಾನ ನಕ್ಷತ್ರದ ರೋಹಿತ ರೇಖೆಗಳು ಒಮ್ಮೆ ನೀಲಿಯ ಕಡೆಗೆ, ಒಮ್ಮೆ ಕೆಂಪಿನ ಕಡೆಗೆ ಸರಿಯುತ್ತವೆ, ಏಕೆಂದರೆ ಅದೂ ಸಂಗಾತಿಯೊಡನೆ ಸಮಾನ ದ್ರವ್ಯಕೇಂದ್ರವನ್ನು ಸುತ್ತುತ್ತಿದೆ. ಪ್ರಕಟಿತ ದ್ರವ್ಯರಾಶಿ ಮತ್ತು ಅವಧಿಗಳಿಂದ ಲೆಕ್ಕ ಹಾಕಿದರೆ ಈ ಓಲಾಟದ ವೇಗ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ಬರುತ್ತದೆ. ಇದೇ ಕಕ್ಷೆಯಲ್ಲಿ, ಇದೇ ನಕ್ಷತ್ರದ ಸುತ್ತ, ಸಂಗಾತಿಯ ಬದಲು ನಿಜವಾದ ಶನಿಗ್ರಹವನ್ನಿಟ್ಟು ಲೆಕ್ಕ ಮಾಡಿದರೆ ಸಿಗುವುದು ಸೆಕೆಂಡಿಗೆ ಸುಮಾರು 28 ಮೀಟರ್. ಒಂದು ಹೆದ್ದಾರಿಯ ಕಾರಿನ ವೇಗ, ಇನ್ನೊಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವೇಗ. ಬೆಳಕಿನ ನಕ್ಷೆಯಲ್ಲಿ ಒಂದನ್ನೊಂದು ಹೋಲುವ ಎರಡು ಕಾಯಗಳು ರೋಹಿತದಲ್ಲಿ ಇಷ್ಟು ದೂರ ಸಿಡಿಯುತ್ತವೆ.

ಬಿಸಿ ಗುರುಗಳೆಂದು ಕರೆಯುವ, ತಮ್ಮ ನಕ್ಷತ್ರಕ್ಕೆ ತೀರ ಹತ್ತಿರ ಸುತ್ತುವ ಅನಿಲ ಗ್ರಹಗಳನ್ನು ಪಕ್ಕದಲ್ಲಿಟ್ಟರೆ ಚಿತ್ರ ಇನ್ನೂ ವಿಚಿತ್ರವಾಗುತ್ತದೆ. ಎಚ್‌ಡಿ 209458 ನಕ್ಷತ್ರವನ್ನು ಮೂರೂವರೆ ದಿನಕ್ಕೊಮ್ಮೆ ಸುತ್ತುವ ಗ್ರಹದ ದ್ರವ್ಯರಾಶಿ ಗುರುವಿನ 0.7ರಷ್ಟು, ತ್ರಿಜ್ಯ ಗುರುವಿನ ಸುಮಾರು 1.4 ಪಟ್ಟು. ನಮ್ಮ ಸಂಗಾತಿ ನಕ್ಷತ್ರಕ್ಕಿಂತ ಈ ಗ್ರಹ ನೂರಿಪ್ಪತ್ತು ಪಟ್ಟು ಹಗುರ, ಆದರೂ ಅಗಲದಲ್ಲಿ ಒಂದೂವರೆ ಪಟ್ಟಿಗಿಂತ ದೊಡ್ಡದು. ಗ್ರಹವು ನಕ್ಷತ್ರಕ್ಕಿಂತ ದೊಡ್ಡದಾಗಿರಬಹುದೆಂಬ ಮಾತು ಕೇಳಲು ಅಸಂಬದ್ಧವೆನಿಸಿದರೂ ಅಳತೆಗಳು ಹಾಗೇ ಹೇಳುತ್ತಿವೆ.

ಎಂಬತ್ತು ಪಟ್ಟು ಸುರಿದರೂ ಉಬ್ಬದ ಕಾಯ

ಇಲ್ಲಿ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಶನಿಯ ದ್ರವ್ಯರಾಶಿಗಿಂತ 280 ಪಟ್ಟಿಗೂ ಹೆಚ್ಚಿನ ದ್ರವ್ಯವನ್ನು ಒಂದೆಡೆ ಸೇರಿಸಿದರೂ ಗಾತ್ರ ಶನಿಯಷ್ಟೇ ಉಳಿಯುವುದು ಹೇಗೆ?

ಉತ್ತರವಿರುವುದು ಒಳಗಿನ ಒತ್ತಡ ಎಲ್ಲಿಂದ ಹುಟ್ಟುತ್ತದೆ ಎಂಬುದರಲ್ಲಿ. ಸೂರ್ಯನಂಥ ನಕ್ಷತ್ರದಲ್ಲಿ ಗುರುತ್ವದ ಕುಸಿತವನ್ನು ತಡೆಯುವುದು ಬಿಸಿ ಅನಿಲದ ಒತ್ತಡ. ಅಲ್ಲಿ ದ್ರವ್ಯರಾಶಿ ಹೆಚ್ಚಿದಂತೆ ತ್ರಿಜ್ಯವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಚಿಕ್ಕ ಗ್ರಹಗಳಲ್ಲಿ ಆ ಕೆಲಸ ಮಾಡುವುದು ಪರಮಾಣುಗಳ ನಡುವಿನ ವಿದ್ಯುತ್ ವಿಕರ್ಷಣೆ. ಅಲ್ಲೂ ದ್ರವ್ಯ ಸೇರಿದಷ್ಟೂ ಗಾತ್ರ ಬೆಳೆಯುತ್ತದೆ, ನಿಧಾನವಾಗಿ. ಆದರೆ ಗುರುವಿನ ಕೆಲವು ಪಟ್ಟು ದ್ರವ್ಯರಾಶಿ ದಾಟಿದ ಮೇಲೆ ಎಲೆಕ್ಟ್ರಾನುಗಳನ್ನು ಎಷ್ಟು ಒತ್ತಾಗಿ ತುಂಬಿರುತ್ತದೆಂದರೆ, ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವೆಂಬ ಕ್ವಾಂಟಂ ನಿಯಮದಿಂದಲೇ ಒತ್ತಡ ಹುಟ್ಟತೊಡಗುತ್ತದೆ. ಈ ಒತ್ತಡಕ್ಕೆ ತಾಪಮಾನದ ಹಂಗಿಲ್ಲ. ಇದೊಂದೇ ಇದ್ದರೆ ದ್ರವ್ಯರಾಶಿ ಹೆಚ್ಚಿದಷ್ಟೂ ಕಾಯ ಕುಗ್ಗಬೇಕು. ಉರಿದು ಮುಗಿದ ನಕ್ಷತ್ರಗಳ ಶೇಷಗಳಾದ ಶ್ವೇತ ಕುಬ್ಜಗಳಲ್ಲಿ ನಡೆಯುವುದು ಅದೇ. ಬೆಳೆಸುವ ಮತ್ತು ಕುಗ್ಗಿಸುವ ಈ ಎರಡು ಪ್ರವೃತ್ತಿಗಳು ಗುರುವಿನ ಆಸುಪಾಸಿನಿಂದ ಹಿಡಿದು ಎಂಬತ್ತು ಪಟ್ಟಿನವರೆಗೂ ಹೆಚ್ಚುಕಡಿಮೆ ಪರಸ್ಪರ ರದ್ದಾಗುವುದರಿಂದ ತ್ರಿಜ್ಯ ಗುರುವಿನ ತ್ರಿಜ್ಯದ ಸುತ್ತಮುತ್ತಲೇ ಸುಳಿಯುತ್ತಿರುತ್ತದೆ. 2008ರಲ್ಲಿ ಪತ್ತೆಯಾದ ಕೊರೊ-3ಬಿ ಎಂಬ ಕಾಯ ಇದಕ್ಕೆ ನೇರ ಸಾಕ್ಷಿ: ಅದರ ದ್ರವ್ಯರಾಶಿ ಗುರುವಿನ ಸುಮಾರು 22 ಪಟ್ಟು, ತ್ರಿಜ್ಯ ಗುರುವಿನಷ್ಟೇ.

ನಮ್ಮ ಸಂಗಾತಿ ನಿಂತಿರುವುದು ಈ ಸಮತಟ್ಟಿನ ಕೊನೆಯಲ್ಲಿ, ತ್ರಿಜ್ಯ ಅತ್ಯಂತ ಕಡಿಮೆಯಾಗಿ ಮತ್ತೆ ಏರತೊಡಗುವ ಜಾಗದಲ್ಲಿ. ಹಾಗಾಗಿ ಅದು ಚಿಕ್ಕದಾಗಿರುವುದು ಆಕಸ್ಮಿಕವಲ್ಲ. ನಕ್ಷತ್ರವೊಂದು ಚಿಕ್ಕದಾಗಲು ಸಾಧ್ಯವಿರುವ ಮಿತಿಯ ಹತ್ತಿರವೇ ಅದಿದೆ. ಅದರ ಸರಾಸರಿ ಸಾಂದ್ರತೆಯನ್ನು ಲೆಕ್ಕ ಮಾಡಿದರೆ ಒಂದು ಘನ ಸೆಂಟಿಮೀಟರಿಗೆ 190 ಗ್ರಾಂ ಹತ್ತಿರ ಬರುತ್ತದೆ. ಶನಿಯ ಸರಾಸರಿ ಸಾಂದ್ರತೆ 0.69 ಗ್ರಾಂ, ನೀರಿಗಿಂತ ಕಡಿಮೆ. ಸೂರ್ಯನ ನಟ್ಟನಡುವಿನಲ್ಲಿರುವ ಸಾಂದ್ರತೆಯೇ ಸುಮಾರು 150 ಗ್ರಾಂ. ಅಂದರೆ ಈ ಪುಟ್ಟ ನಕ್ಷತ್ರದ ಸರಾಸರಿಯು ಸೂರ್ಯನ ಕೇಂದ್ರವನ್ನೂ ಮೀರಿಸುತ್ತದೆ. ಮೇಲ್ಮೈ ಗುರುತ್ವ ಭೂಮಿಯ ಸುಮಾರು 300 ಪಟ್ಟು. ಶನಿಯ ಮೋಡಗಳ ಮಟ್ಟದಲ್ಲಿ ಗುರುತ್ವ ಭೂಮಿಯದಕ್ಕೆ ಸಮೀಪವೇ ಇದೆ.

ಜಲಜನಕದ ಬೀಜಗಳು ಕೂಡಿ ಹೀಲಿಯಂ ಆಗುವ ಬೆಸುಗೆ ತಾನೇ ತಾನಾಗಿ ನಿರಂತರ ನಡೆಯಲು ಬೇಕಾದ ಕನಿಷ್ಠ ದ್ರವ್ಯರಾಶಿಯನ್ನು 1960ರ ದಶಕದ ಆರಂಭದಲ್ಲೇ ಲೆಕ್ಕ ಹಾಕಿದವರಲ್ಲಿ ಭಾರತ ಮೂಲದ ಶಿವ್ ಎಸ್. ಕುಮಾರ್ ಪ್ರಮುಖರು. ಅವರ ಲೆಕ್ಕದಲ್ಲಿ ಆ ಮಿತಿ, ಮೂಲವಸ್ತುಗಳ ಪ್ರಮಾಣಕ್ಕೆ ತಕ್ಕಂತೆ, ಸೂರ್ಯನ 0.07ರಿಂದ 0.09ರವರೆಗೆ ಇತ್ತು. ಅರ್ಧ ಶತಮಾನಕ್ಕೂ ಹೆಚ್ಚಿನ ತಿದ್ದುಪಡಿಗಳ ನಂತರ ಇಂದು ಬಳಸುವ 0.075ರ ಆಸುಪಾಸಿನ ಮೌಲ್ಯ ಅದೇ ವ್ಯಾಪ್ತಿಯೊಳಗೇ ಕುಳಿತಿರುವುದು ಗಮನಾರ್ಹ. ಗುರುವಿನ ಅಳತೆಯಲ್ಲಿ ಹೇಳುವುದಾದರೆ ಅದು 78ರ ಹತ್ತಿರ. ಅದಕ್ಕಿಂತ ಕೆಳಗಿದ್ದರೆ, ಕೇಂದ್ರ ಸಾಕಷ್ಟು ಬಿಸಿಯಾಗುವ ಮೊದಲೇ ಎಲೆಕ್ಟ್ರಾನುಗಳ ಒತ್ತಡ ಕುಗ್ಗುವಿಕೆಯನ್ನು ತಡೆದುಬಿಡುತ್ತದೆ. ಅಂಥದ್ದು ಕಂದು ಕುಬ್ಜ. ಅದು ಹುಟ್ಟಿನ ಬಿಸಿಯನ್ನು ಕಳೆದುಕೊಳ್ಳುತ್ತ ತಣ್ಣಗಾಗುತ್ತ ಹೋಗುತ್ತದೆ. ಮಿತಿಯ ಮೇಲಿರುವ ನಮ್ಮ ಸಂಗಾತಿಯ ಕೇಂದ್ರದಲ್ಲಿ ಸುಮಾರು 30 ಲಕ್ಷ ಕೆಲ್ವಿನ್‌ನಲ್ಲಿ ಬೆಸುಗೆ ಸಾವಕಾಶವಾಗಿ ನಡೆಯುತ್ತದೆ. ಒಳಗಿನ ಅನಿಲವೆಲ್ಲ ಮೇಲೆ ಕೆಳಗೆ ಕಲಸಿಕೊಳ್ಳುತ್ತಲೇ ಇರುವುದರಿಂದ ಬಹುಪಾಲು ಜಲಜನಕ ಒಂದಲ್ಲ ಒಂದು ದಿನ ಕೇಂದ್ರವನ್ನು ತಲುಪುತ್ತದೆ, ಆಯುಸ್ಸು ಹಲವು ಲಕ್ಷ ಕೋಟಿ ವರ್ಷಗಳಿಗೆ ಹಿಗ್ಗುತ್ತದೆ.

ಗುರುವಾಗಲಿ ಶನಿಯಾಗಲಿ ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಹೊರಸೂಸುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು. ಆ ಶಾಖದ ಮೂಲ ಬೆಸುಗೆಯಲ್ಲ, ಹುಟ್ಟಿನಿಂದ ಉಳಿದ ಬಿಸಿ ಮತ್ತು ನಿಧಾನದ ಕುಗ್ಗುವಿಕೆ. ಶನಿಯಲ್ಲಿ ಹೀಲಿಯಂ ಹನಿಗಳು ಒಳಕ್ಕೆ ಇಳಿಯುವುದೂ ಸೇರುತ್ತದೆ. ಆದ್ದರಿಂದ ಸ್ವಂತ ಶಾಖವಿದೆಯೇ ಇಲ್ಲವೇ ಎಂಬ ಪ್ರಶ್ನೆಯೂ ಗೆರೆ ಎಳೆಯಲು ಸಾಲದು. ಶಾಖದ ಖರ್ಚನ್ನು ಬೆಸುಗೆಯ ಆದಾಯ ಪೂರ್ತಿಯಾಗಿ ತುಂಬಿಕೊಡುತ್ತದೆಯೇ ಎಂದು ಕೇಳಬೇಕು.

ದ್ರವ್ಯಕೇಂದ್ರದ ವಾದ

ಸೂರ್ಯ ಮತ್ತು ಗುರು ಸೇರಿ ಒಂದು ಅರೆಬೆಂದ ಜೋಡಿ ನಕ್ಷತ್ರವೆಂದು ವಾದಿಸುವವರು ಮುಂದಿಡುವ ಪುರಾವೆ ಒಂದಿದೆ: ಇವೆರಡರ ದ್ರವ್ಯಕೇಂದ್ರ ಸೂರ್ಯನ ಒಡಲೊಳಗಿಲ್ಲ, ಮೇಲ್ಮೈಯಿಂದ ಸುಮಾರು 47 ಸಾವಿರ ಕಿಲೋಮೀಟರ್ ಹೊರಗಿದೆ. ಅಂಕಿ ಸರಿಯೇ. ಆದರೆ ಇದೇ ಲೆಕ್ಕವನ್ನು ನಮ್ಮ ಜೋಡಿಗೆ ಮಾಡಿ ನೋಡೋಣ. ಅಲ್ಲಿ ಸಂಗಾತಿಯ ದ್ರವ್ಯರಾಶಿ ಪ್ರಧಾನ ನಕ್ಷತ್ರದ ಹದಿನಾಲ್ಕನೆಯ ಒಂದು ಭಾಗ, ಅಂತರ 1 ಕೋಟಿ 22 ಲಕ್ಷ ಕಿಲೋಮೀಟರ್. ದ್ರವ್ಯಕೇಂದ್ರ ಪ್ರಧಾನ ನಕ್ಷತ್ರದ ಮಧ್ಯದಿಂದ ಸುಮಾರು 8 ಲಕ್ಷ 20 ಸಾವಿರ ಕಿಲೋಮೀಟರ್ ದೂರದಲ್ಲಿ, ಅಂದರೆ ಮೇಲ್ಮೈಯಿಂದ ಲಕ್ಷ ಚಿಲ್ಲರೆ ಕಿಲೋಮೀಟರ್ ಆಚೆಗೆ ಬೀಳುತ್ತದೆ. ಗುರುವಿನ 85 ಪಟ್ಟು ತೂಗುವ ನಿಜವಾದ ನಕ್ಷತ್ರವೂ ದ್ರವ್ಯಕೇಂದ್ರವನ್ನು ತಂದು ನಿಲ್ಲಿಸುವುದು ಹೆಚ್ಚುಕಡಿಮೆ ಗುರು ನಿಲ್ಲಿಸುವ ಜಾಗದಲ್ಲೇ. ಗುರು ಆ ಜಾಗವನ್ನು ಮುಟ್ಟುವುದು ತೂಕದಿಂದಲ್ಲ, 78 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ. ಅದನ್ನೇ ಬುಧನ ಕಕ್ಷೆಗೆ ತಂದಿಟ್ಟರೆ ದ್ರವ್ಯಕೇಂದ್ರ ಸೂರ್ಯನ ಗರ್ಭದೊಳಕ್ಕೆ ಜಾರುತ್ತದೆ. ಕಕ್ಷೆ ಬದಲಾದರೆ ಬದಲಾಗುವ ಒಂದು ಗುಣವನ್ನು ಹಿಡಿದು ಕಾಯದ ಜಾತಿಯನ್ನು ನಿರ್ಧರಿಸುವುದು ನನ್ನ ದೃಷ್ಟಿಯಲ್ಲಿ ಸಲ್ಲದ ಕ್ರಮ. ಗುರುವನ್ನು 'ಸೋತ ನಕ್ಷತ್ರ' ಎಂದು ಬರೆಯುವ ಚಾಳಿಯೂ ಇದೇ ಬಗೆಯದು: ಬೇಕಾದ ದ್ರವ್ಯದ ಸುಮಾರು ಎಂಬತ್ತರಲ್ಲಿ ಒಂದು ಪಾಲಷ್ಟೇ ಇರುವ ಕಾಯ ಆ ಸ್ಪರ್ಧೆಗೇ ಇಳಿದಿರಲಿಲ್ಲ.

85 ಎಂಬ ಅಂಕಿ ಎಷ್ಟು ಗಟ್ಟಿ

ಇಡೀ ತೀರ್ಪು ದ್ರವ್ಯರಾಶಿಯ ಮೇಲೆ ನಿಂತಿರುವುದರಿಂದ ಆ ಅಂಕಿಯನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಪ್ರಕಟಿತ ಮೌಲ್ಯ ಗುರುವಿನ 85 ಪಟ್ಟು, ಹೆಚ್ಚುಕಡಿಮೆ 4. ಒಂದು ದೋಷಮಿತಿ ಕೆಳಗಿಳಿದರೆ 81. ಅದು 78ರ ಗಡಿಗಿಂತ ಮೇಲಿದೆ. ಎರಡು ದೋಷಮಿತಿ ಇಳಿದರೆ 77, ಗಡಿಗಿಂತ ತುಸು ಕೆಳಗೆ. ನಕ್ಷತ್ರವೆಂಬ ತೀರ್ಮಾನಕ್ಕೆ ಬಲವಿದೆ, ಧಾರಾಳವಾದ ಅಂತರವಿಲ್ಲ.

ತೊಡಕಿನ ಮೂಲ ಇನ್ನೂ ಆಳದಲ್ಲಿದೆ. ಈ ಜೋಡಿಯಲ್ಲಿ ಅಳೆದದ್ದು ಒಂದೇ ನಕ್ಷತ್ರದ ರೋಹಿತ ರೇಖೆಗಳನ್ನು. ಸಂಗಾತಿಯ ಬೆಳಕು ತೀರ ಕ್ಷೀಣವಾದ್ದರಿಂದ ಅದರ ರೇಖೆಗಳು ಪ್ರಧಾನ ನಕ್ಷತ್ರದ ಪ್ರಭೆಯಲ್ಲಿ ಮುಳುಗಿಹೋಗುತ್ತವೆ. ಒಂದು ಕಡೆಯ ವೇಗ ಮಾತ್ರ ಗೊತ್ತಿದ್ದಾಗ ಎರಡೂ ದ್ರವ್ಯರಾಶಿಗಳು ಬೇರೆಬೇರೆಯಾಗಿ ಸಿಗುವುದಿಲ್ಲ. ಎರಡನ್ನೂ ಹೆಣೆದ ಒಂದು ಸಂಬಂಧ ಮಾತ್ರ ಸಿಗುತ್ತದೆ. ಪ್ರಧಾನ ನಕ್ಷತ್ರದ ತಾಪಮಾನ, ಸಾಂದ್ರತೆ ಮತ್ತು ಮೂಲವಸ್ತುಗಳ ಪ್ರಮಾಣವನ್ನು ನಕ್ಷತ್ರ ವಿಕಾಸದ ಮಾದರಿಗಳೊಂದಿಗೆ ಹೋಲಿಸಿ ಅದರ ದ್ರವ್ಯರಾಶಿ 1.13 ಎಂದು ಒಪ್ಪಿಕೊಂಡ ಮೇಲಷ್ಟೇ ಸಂಗಾತಿಯ 85 ಹೊರಬರುತ್ತದೆ. ಗ್ರಹಗಳ ದ್ರವ್ಯರಾಶಿಯನ್ನು ಹೇಳುವಾಗಲೂ ಇದೇ ಅವಲಂಬನೆ ಇರುತ್ತದೆ.

ಹೀಗಿದ್ದರೂ ಮಾದರಿಗಳ ನೆರವಿಲ್ಲದೆ ಸಿಗುವ ಅಳತೆಯೊಂದಿದೆ, ಅದು ಸಂಗಾತಿಯ ಮೇಲ್ಮೈ ಗುರುತ್ವ. ಕಕ್ಷೆಯ ಅವಧಿ, ಪ್ರಧಾನ ನಕ್ಷತ್ರದ ಓಲಾಟದ ವೇಗ, ಕಕ್ಷೆ ವೃತ್ತದಿಂದ ಎಷ್ಟು ಉದ್ದವಾಗಿದೆ ಎಂಬ ಪ್ರಮಾಣ ಮತ್ತು ಸಂಗಾತಿಯ ತ್ರಿಜ್ಯ ಕಕ್ಷೆಯ ಎಷ್ಟನೆಯ ಭಾಗವೆಂಬುದು ಗೊತ್ತಿದ್ದರೆ, ಯಾವ ನಕ್ಷತ್ರದ ದ್ರವ್ಯರಾಶಿಯನ್ನೂ ಊಹಿಸದೆ ಗುರುತ್ವವನ್ನು ಲೆಕ್ಕ ಹಾಕಬಹುದು. ಈ ಕೊನೆಯ ಅನುಪಾತ ಗ್ರಹಣದ ಆಕಾರದಿಂದ, ಗ್ರಹಣ ಕೇಂದ್ರದಿಂದ ಎಷ್ಟು ಬದಿಗೆ ಸರಿದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಸಿಗುತ್ತದೆ. ಭೂಮಿಯ ಮುನ್ನೂರು ಪಟ್ಟಿನ ಆಸುಪಾಸಿನ ಗುರುತ್ವ ಯಾವ ಅನಿಲ ಗ್ರಹಕ್ಕೂ ಸಾಧ್ಯವಿಲ್ಲ. ಗುರುವಿನದೇ ಎರಡೂವರೆ ಪಟ್ಟು. ಆದ್ದರಿಂದ ಸಂಗಾತಿ ಗ್ರಹವಲ್ಲವೆಂಬ ತೀರ್ಪು ಅಲುಗಾಡುವುದಿಲ್ಲ. ಅಲುಗಾಡಬಹುದಾದದ್ದು ನಕ್ಷತ್ರವೋ ತೀರ ಭಾರದ ಕಂದು ಕುಬ್ಜವೋ ಎಂಬ ಕೊನೆಯ ಗೆರೆ ಮಾತ್ರ.

ತ್ರಿಜ್ಯದ ದೋಷಮಿತಿಯಲ್ಲೂ ಒಂದು ಪಾಠವಿದೆ. 0.84 ಎಂಬ ಅಂಕಿಯ ಕೆಳಗಿನ ದೋಷ 0.04, ಮೇಲಿನದು 0.14. ತ್ರಿಜ್ಯ ಇನ್ನಷ್ಟು ದೊಡ್ಡದಿರಬಹುದೇ ಹೊರತು ಹೆಚ್ಚು ಚಿಕ್ಕದಿರುವ ಸಂಭವ ಕಡಿಮೆ ಎಂದು ಇದನ್ನು ಓದಬೇಕು. ಇದರೊಂದಿಗೆ ಮೂರನೆಯ ನಕ್ಷತ್ರದ ಬೆಳಕು ಅಳತೆಯೊಳಗೆ ಬೆರೆತರೆ ಗ್ರಹಣದ ಇಳಿತ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಸಂಗಾತಿ ಇರುವುದಕ್ಕಿಂತ ಚಿಕ್ಕದೆನಿಸುತ್ತದೆ. ಆ ಬೆಳಕಿನ ಪಾಲನ್ನು ಕಳೆದ ಮೇಲಷ್ಟೇ ಮೇಲಿನ ಅಂಕಿಗೆ ಅರ್ಥ. 'ಅತಿ ಚಿಕ್ಕ ನಕ್ಷತ್ರ' ಎಂಬ ಪಟ್ಟವನ್ನು ಸುದ್ದಿಯಲ್ಲಿ ಓದುವಾಗ ಈ ಎರಡು ಸಂಗತಿಗಳನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಹುಟ್ಟಿನ ದಾರಿ

ಗ್ರಹ ಮತ್ತು ನಕ್ಷತ್ರಗಳನ್ನು ದ್ರವ್ಯರಾಶಿಯಿಂದಲ್ಲ, ಹುಟ್ಟಿನಿಂದ ಬೇರ್ಪಡಿಸಬೇಕೆಂಬ ಪಕ್ಷವೂ ಇದೆ. ಅನಿಲ ದೈತ್ಯ ಗ್ರಹ ಎಳೆಯ ನಕ್ಷತ್ರದ ಸುತ್ತಲಿನ ತಟ್ಟೆಯಲ್ಲಿ ಮೊದಲು ಭೂಮಿಯ ಹತ್ತು ಪಟ್ಟಿನಷ್ಟು ಕಲ್ಲು ಮತ್ತು ಹಿಮದ ತಿರುಳನ್ನು ಕಟ್ಟಿಕೊಂಡು, ಆಮೇಲೆ ಅನಿಲವನ್ನು ಸೆಳೆದು ಬೆಳೆಯುತ್ತದೆಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. ಗುರು ಮತ್ತು ಶನಿಗಳಲ್ಲಿ ಭಾರ ಮೂಲವಸ್ತುಗಳ ಪಾಲು ಸೂರ್ಯನಿಗಿಂತ ಹೆಚ್ಚಿರುವುದು ಇದಕ್ಕೆ ಹೊಂದುತ್ತದೆ. ಜೋಡಿ ನಕ್ಷತ್ರಗಳು ಹುಟ್ಟುವುದು ಅನಿಲವೇ ಕುಸಿದು ತುಂಡಾಗಿ. ಅಲ್ಲಿ ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ ಮೂಲದ್ರವ್ಯ. ಸೂರ್ಯನಂಥ ನಕ್ಷತ್ರಗಳ ಸಮೀಪದ ಕಕ್ಷೆಗಳಲ್ಲಿ ಗ್ರಹಗಳೂ ಸಿಗುತ್ತವೆ, ಕಿರು ನಕ್ಷತ್ರಗಳೂ ಸಿಗುತ್ತವೆ, ಇವೆರಡರ ನಡುವಿನ ಕಂದು ಕುಬ್ಜಗಳು ಮಾತ್ರ ವಿರಳ. ಗುರುವಿನ 30ರಿಂದ 50 ಪಟ್ಟಿನ ಆಸುಪಾಸಿನಲ್ಲಿ ಈ ಬರ ತೀವ್ರ. ಎರಡು ಬೇರೆ ಹುಟ್ಟುಗಳಿವೆ ಎಂಬುದಕ್ಕೆ ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷ್ಯ ಈ ಬರವೇ. ನಮ್ಮ ಸಂಗಾತಿ ಆ ಮರುಭೂಮಿಯ ಆಚೆಯ ದಡದಲ್ಲಿದೆ. ಗುರುವಿನ 13 ಪಟ್ಟಿನಲ್ಲಿ, ಜಲಜನಕದ ಭಾರದ ರೂಪವಾದ ಡ್ಯೂಟೀರಿಯಂ ಉರಿಯತೊಡಗುವಲ್ಲಿ, ಗ್ರಹಗಳ ಮೇಲಿನ ಗಡಿಯನ್ನು ಎಳೆಯುವುದು ಬಳಕೆಯ ಅನುಕೂಲಕ್ಕಾಗಿ. ಹುಟ್ಟಿನ ಬಗ್ಗೆ ಆ ಗಡಿ ಏನೂ ಹೇಳುವುದಿಲ್ಲ.

ಒಂದೇ ಜೋಡಿಯಲ್ಲಿ ಹುಟ್ಟಿನ ದಾರಿಯನ್ನು ರುಜುವಾತು ಮಾಡುವುದು ಕಷ್ಟ, ಏಕೆಂದರೆ ಅದಕ್ಕೆ ಸಂಗಾತಿಯ ವಾತಾವರಣದ ಮೂಲವಸ್ತುಗಳ ಪ್ರಮಾಣ ಗೊತ್ತಾಗಬೇಕು. ಇಲ್ಲಿ ಒಂದು ಅನುಕೂಲವಿದೆ. ಇಷ್ಟು ತಣ್ಣನೆಯ ನಕ್ಷತ್ರ ತನ್ನ ಬೆಳಕಿನ ಬಹುಪಾಲನ್ನು ಅವಕೆಂಪಿನಲ್ಲಿ ಸೂಸುವುದರಿಂದ, ದೊಡ್ಡ ದೂರದರ್ಶಕಗಳ ಅವಕೆಂಪು ರೋಹಿತಮಾಪಕಗಳಲ್ಲಿ ಎರಡು ನಕ್ಷತ್ರಗಳ ನಡುವಿನ ಪ್ರಭೆಯ ಅಂತರ ಕಣ್ಣಿಗೆ ಕಾಣುವ ಬೆಳಕಿನಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಸಂಗಾತಿಯದೇ ರೇಖೆಗಳನ್ನು ಹಿಡಿಯಲು ಸಾಧ್ಯವಾದರೆ ಅದರ ವೇಗವೂ ಸಿಗುತ್ತದೆ, ಪ್ರಧಾನ ನಕ್ಷತ್ರದ ವೇಗದೊಂದಿಗೆ ಅದನ್ನಿಟ್ಟು ಎರಡೂ ದ್ರವ್ಯರಾಶಿಗಳನ್ನು ವಿಕಾಸ ಮಾದರಿಗಳ ಸಾಲವಿಲ್ಲದೆ ನೇರವಾಗಿ ಲೆಕ್ಕ ಹಾಕಬಹುದು. 85 ಮತ್ತು 78ರ ನಡುವಿನ ಆ ಕಿರಿದಾದ ಅಂತರ ನಿಜವಾಗಿ ಎಷ್ಟೆಂಬುದು ಆಗ ಇತ್ಯರ್ಥವಾಗುತ್ತದೆ.